ವೈದ್ಯಕೀಯ ಪಠ್ಯಕ್ರಮ: ವೇಳಾಪಟ್ಟಿ ಮತ್ತು ಪ್ರಶ್ನೆಪತ್ರಿಕೆ ಯಾರ ಕೈಯಲ್ಲಿರಬೇಕು?

ವೈದ್ಯಕೀಯ ಕಾಲೇಜಿನಲ್ಲಿ ಮಧುಮೇಹವನ್ನು ಯಾರು ಕಲಿಸುತ್ತಾರೆ ಎಂದು ಕೇಳಿದರೆ ಎಂಟೊಂಬತ್ತು ವಿಭಾಗಗಳ ಹೆಸರು ಹೇಳಬೇಕಾಗುತ್ತದೆ. ಜೀವಕೋಶದೊಳಗೆ ಗ್ಲೂಕೋಸ್ ಏನಾಗುತ್ತದೆ ಎಂಬುದು ಬಯೋಕೆಮಿಸ್ಟ್ರಿಯ ಪಾಲು. ಇನ್ಸುಲಿನ್ ಸ್ರವಿಸುವ ಬಗೆ ಫಿಸಿಯಾಲಜಿಗೆ, ಮೂತ್ರಪಿಂಡ ಮತ್ತು ರಕ್ತನಾಳಗಳಲ್ಲಿ ಆಗುವ ಹಾನಿ ಪೆಥಾಲಜಿಗೆ, ಔಷಧಗಳು ಫಾರ್ಮಕಾಲಜಿಗೆ. ಕಾಯಿಲೆ ಜನರಲ್ಲಿ ಎಷ್ಟು ಹರಡಿದೆ, ತಡೆಯುವುದು ಹೇಗೆ ಎಂಬುದನ್ನು ಸಮುದಾಯ ವೈದ್ಯಶಾಸ್ತ್ರದವರು ಹೇಳುತ್ತಾರೆ. ಮುಂದೆ ಮೆಡಿಸಿನ್, ಸರ್ಜರಿ, ನೇತ್ರ ವಿಭಾಗ, ಪ್ರಸೂತಿ ವಿಭಾಗ ತಂತಮ್ಮ ವಾರ್ಡುಗಳಲ್ಲಿ ಅದನ್ನೇ ಮತ್ತೆ ಎತ್ತಿಕೊಳ್ಳುತ್ತವೆ. ಇಷ್ಟೆಲ್ಲ ಆದಮೇಲೂ, ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ರೋಗಿಗೆ ಹೇಳಿಕೊಡುವುದು ಹೇಗೆ, ರಕ್ತದ ಸಕ್ಕರೆ ಹಠಾತ್ತನೆ ಇಳಿದಾಗ ಮನೆಯವರು ಏನು ಮಾಡಬೇಕು ಎಂಬುದು ಯಾವ ತರಗತಿಯಲ್ಲೂ ಬಾರದೆ ವಿದ್ಯಾರ್ಥಿ ಪದವಿ ಪಡೆದುಬಿಡಬಹುದು. ಇನ್ನೊಬ್ಬರು ಹೇಳಿಕೊಟ್ಟಿರುತ್ತಾರೆ ಎಂದು ಪ್ರತಿಯೊಂದು ವಿಭಾಗವೂ ನಂಬಿರುತ್ತದೆ. ಇನ್ಸುಲಿನ್ ಕೆಲಸ ಮಾಡುವ ರೀತಿಯನ್ನು ಮಾತ್ರ ನಾಲ್ಕು ಬಾರಿ ಪಾಠ ಮಾಡಿರುತ್ತಾರೆ.

ಇಂಥ ಪುನರಾವರ್ತನೆಗೂ ಲೋಪಕ್ಕೂ ಶಿಕ್ಷಕರ ಆಲಸ್ಯ ಕಾರಣವಲ್ಲ. ಐದಾರು ವರ್ಷದ ಓದನ್ನು ಒಟ್ಟಾಗಿ ನೋಡಿ, ಇದು ಇಲ್ಲಿರಲಿ, ಅದು ಬೇಡ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲದಿರುವುದೇ ಕಾರಣ. ಈಗ ಈ ಕೊರತೆ ಇನ್ನಷ್ಟು ಕಾಡತೊಡಗಿದೆ. ಕೃತಕ ಬುದ್ಧಿಮತ್ತೆ, ಟೆಲಿಮೆಡಿಸಿನ್, ಜೀನೋಮಿಕ್ಸ್, ರೋಗಿಯ ಸುರಕ್ಷತೆ, ಹವಾಮಾನ ಬದಲಾವಣೆಯಿಂದ ಆರೋಗ್ಯದ ಮೇಲಾಗುವ ಪರಿಣಾಮ ಇವೆಲ್ಲ ಪಠ್ಯಕ್ರಮದಲ್ಲಿ ಜಾಗ ಕೇಳುತ್ತಿವೆ. ಒಂದೊಂದರ ಬೇಡಿಕೆಯೂ ನ್ಯಾಯವಾದದ್ದೇ. ಆದರೆ ವಾರಕ್ಕಿರುವ ದಿನಗಳು ಹಿಂದೆ ಎಷ್ಟಿದ್ದವೋ ಈಗಲೂ ಅಷ್ಟೇ.

ಪಠ್ಯಕ್ರಮ ಯಾರ ಹಿಡಿತದಲ್ಲಿದೆ ಎಂದು ತಿಳಿಯಬೇಕಾದರೆ ಎರಡು ಪ್ರಶ್ನೆ ಕೇಳಿದರೆ ಸಾಕು. ವೇಳಾಪಟ್ಟಿಯ ಗಂಟೆಗಳನ್ನು ಹಂಚುವವರು ಯಾರು? ಪರೀಕ್ಷೆಯಲ್ಲಿ ಯಾವ ವಿಷಯಕ್ಕೆ ಎಷ್ಟು ತೂಕ ಎಂದು ನಿರ್ಧರಿಸುವವರು ಯಾರು? ಈ ಎರಡೂ ಪಠ್ಯಕ್ರಮ ಸಮಿತಿಯ ಕೈಯಲ್ಲಿ ಇಲ್ಲದಿದ್ದರೆ ಸಮಿತಿ ಎಷ್ಟೇ ಒಳ್ಳೆಯ ದಾಖಲೆ ಬರೆದರೂ ಅದು ಸಲಹೆಯಾಗಿಯೇ ಉಳಿಯುತ್ತದೆ.

ವಿಭಾಗಗಳ ಗೋಡೆ ಎದ್ದ ಬಗೆ

ಶಿಕ್ಷಣ ತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಪರಿಶೀಲಿಸಿ ವರದಿ ಕೊಟ್ಟದ್ದು 1910ರಲ್ಲಿ. ಮೊದಲ ಎರಡು ವರ್ಷ ಪ್ರಯೋಗಾಲಯದ ವಿಜ್ಞಾನ, ಮುಂದಿನ ಎರಡು ವರ್ಷ ಆಸ್ಪತ್ರೆ ಎಂಬ ಏರ್ಪಾಟು ಆ ವರದಿಯಿಂದಲೇ ಗಟ್ಟಿಯಾಗಿ ನೆಲೆನಿಂತಿತು. ಹಣ ಕೊಟ್ಟವರಿಗೆಲ್ಲ ಪದವಿ ಮಾರುತ್ತಿದ್ದ ಶಾಲೆಗಳು ಮುಚ್ಚಿಹೋಗಲು ಅದು ನೆರವಾಯಿತು, ನಿಜ. ಆದರೆ ಅದರ ಜೊತೆಗೇ ಪ್ರತಿ ವಿಜ್ಞಾನಕ್ಕೂ ಒಂದು ವಿಭಾಗ, ವಿಭಾಗಕ್ಕೊಬ್ಬ ಮುಖ್ಯಸ್ಥ, ಮುಖ್ಯಸ್ಥನಿಗೆ ಇಷ್ಟು ಗಂಟೆ ಎಂಬ ರಚನೆಯೂ ಬೇರೂರಿತು.

ಈ ಗೋಡೆಗಳನ್ನು ಒಡೆಯುವ ಪ್ರಯತ್ನ ಹೊಸದೇನಲ್ಲ. ಅಮೆರಿಕದ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ 1952ರಲ್ಲೇ ವಿಭಾಗಗಳ ಬದಲು ಹೃದಯ, ಶ್ವಾಸಕೋಶ, ಮೂತ್ರಪಿಂಡ ಹೀಗೆ ಅಂಗವ್ಯೂಹಗಳ ಆಧಾರದ ಮೇಲೆ ಪಾಠಗಳನ್ನು ಜೋಡಿಸಿತು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 1969ರಲ್ಲಿ ಸಮಸ್ಯೆ ಆಧಾರಿತ ಕಲಿಕೆಯೊಂದಿಗೆ (ರೋಗಿಯ ಸಮಸ್ಯೆಯನ್ನು ಬಿಡಿಸುತ್ತಾ ಕಲಿಯುವುದು) ಬಾಗಿಲು ತೆರೆಯಿತು. ವೈದ್ಯಕೀಯ ಶಿಕ್ಷಣ ತಜ್ಞ ಸ್ಟೀಫನ್ ಅಬ್ರಹಾಮ್ಸನ್ 1978ರಲ್ಲಿ ಪಠ್ಯಕ್ರಮಕ್ಕೆ ಅಂಟುವ ‘ರೋಗ’ಗಳನ್ನು ಹೆಸರಿಟ್ಟು ವಿವರಿಸಿದರು. ವಿಭಾಗಗಳ ಗಡಿಗಳು ರಕ್ತನಾಳಗಳಂತೆ ಗಡುಸಾಗುವುದು ಒಂದು ರೋಗ, ಒಂದೇ ವಿಷಯ ಹತೋಟಿ ಮೀರಿ ಬೆಳೆದು ಉಳಿದವುಗಳ ಜಾಗ ನುಂಗುವುದು ಇನ್ನೊಂದು. ಆ ಪಟ್ಟಿ ಇಂದಿಗೂ ಹಳತಾಗಿಲ್ಲ.

ಮೊದಲು ಗಂಟೆಗಳ ಲೆಕ್ಕ

ಯೋಜನೆ ವಿಷಯಗಳ ಪಟ್ಟಿಯಿಂದ ಶುರುವಾದರೆ ಅದು ಕೆಡುವುದು ಬಹುತೇಕ ಖಚಿತ. ಇರುವ ಸಮಯ ಎಷ್ಟು ಎಂಬಲ್ಲಿಂದ ಶುರುಮಾಡಬೇಕು. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಶೈಕ್ಷಣಿಕ ವರ್ಷಕ್ಕೆ 60 ಕ್ರೆಡಿಟ್, ಅಂದರೆ ಸ್ವಂತ ಓದೂ ಸೇರಿ ವಿದ್ಯಾರ್ಥಿಯ 1,500ರಿಂದ 1,800 ಗಂಟೆಗಳ ದುಡಿಮೆ. ಗರಿಷ್ಠ ಅಂಕಿಯಾದ 1,800ನ್ನೇ ಹಿಡಿದು 40 ವಾರಕ್ಕೆ ಹಂಚಿದರೆ ವಾರಕ್ಕೆ 45 ಗಂಟೆ ಸಿಗುತ್ತದೆ. ತರಗತಿ, ಪ್ರಯೋಗಾಲಯ, ವಾರ್ಡು ಸೇರಿ 28 ಗಂಟೆ ಹೋದರೆ ಓದಲು ಉಳಿಯುವುದು 17. ಹೊಸ ವಿಷಯಗಳನ್ನು ಸೇರಿಸುತ್ತಾ ಹೋಗಿ 28 ಇದ್ದದ್ದು 34 ಆಯಿತೆನ್ನಿ, ಉಳಿಯುವುದು 11 ಮಾತ್ರ. ವೇಳಾಪಟ್ಟಿಯಲ್ಲಿ ಆರು ಗಂಟೆ ಏರಿದ್ದು ಸಣ್ಣದಾಗಿ ಕಾಣುತ್ತದೆ. ಆದರೆ ವಿದ್ಯಾರ್ಥಿಯ ಓದಿನ ಸಮಯದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕರಗಿಹೋಗಿರುತ್ತದೆ. ಓದಿ ಅರಗಿಸಿಕೊಳ್ಳಲು ಸಮಯ ಸಿಗದ ವಿದ್ಯಾರ್ಥಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಉರು ಹೊಡೆಯುತ್ತಾನೆ. ಅದಕ್ಕೆ ವಿದ್ಯಾರ್ಥಿಯನ್ನು ಬೈದು ಪ್ರಯೋಜನವಿಲ್ಲ.

ನಿಯಂತ್ರಕರು ಕನಿಷ್ಠ ಮಿತಿಯನ್ನು ಮಾತ್ರ ಹೇಳುತ್ತಾರೆ. ಯುರೋಪಿಯನ್ ಒಕ್ಕೂಟದ ನಿರ್ದೇಶನದ ಪ್ರಕಾರ ಮೂಲ ವೈದ್ಯಕೀಯ ಶಿಕ್ಷಣ ಕನಿಷ್ಠ ಐದು ವರ್ಷ, 5,500 ಗಂಟೆ ಇರಬೇಕು. ಅಮೆರಿಕದ ಮಾನ್ಯತಾ ಸಂಸ್ಥೆ ಎಲ್‌ಸಿಎಂಇ ಕನಿಷ್ಠ 130 ವಾರಗಳ ಬೋಧನೆ ಕೇಳುತ್ತದೆ. ಗರಿಷ್ಠ ಎಷ್ಟು ಎಂಬುದನ್ನು ಕಾಲೇಜೇ ನಿಗದಿ ಮಾಡಿಕೊಳ್ಳಬೇಕು. ವಾರಕ್ಕೆ ಇಷ್ಟೇ ಗಂಟೆ, ಅದರಲ್ಲಿ ಉಪನ್ಯಾಸ ಇಷ್ಟು ಮೀರಬಾರದು, ಎರಡು ಅರ್ಧದಿನ ಖಾಲಿ ಇರಬೇಕು ಎಂದು ಲಿಖಿತ ನಿಯಮ ಮಾಡಿ, ಅದನ್ನು ಮೀರಿದ ವೇಳಾಪಟ್ಟಿಗೆ ಸಮಿತಿ ಒಪ್ಪಿಗೆ ಕೊಡಬಾರದು. ಆ ಖಾಲಿ ಅರ್ಧದಿನಗಳ ಮೇಲೆ ಎಲ್ಲರಿಗೂ ಕಣ್ಣಿರುತ್ತದೆ. ತಪ್ಪಿಹೋದ ಕ್ಲಾಸು, ಅತಿಥಿ ಉಪನ್ಯಾಸ, ಕಾರ್ಯಾಗಾರ ಎಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ. ತಿಂಗಳಿಗೊಮ್ಮೆ ನಿಜವಾಗಿ ನಡೆದ ವೇಳಾಪಟ್ಟಿಯನ್ನು ಯೋಜಿಸಿದ್ದರ ಪಕ್ಕದಲ್ಲಿಟ್ಟು ನೋಡದಿದ್ದರೆ ಒಂದು ವರ್ಷದಲ್ಲಿ ಅವು ಮಾಯವಾಗುತ್ತವೆ.

ಹೊಸ ವಿಷಯ ಸೇರಿಸಬೇಕೆನ್ನುವವರಿಗೆ ಒಂದು ಪುಟದ ಅರ್ಜಿ ಇರಲಿ. ಇದು ಪದವೀಧರನ ಯಾವ ಸಾಮರ್ಥ್ಯಕ್ಕೆ ಬೇಕು, ಈಗಿರುವ ಯಾವ ಪಾಠದೊಳಗೆ ಇದನ್ನು ಕೂಡಿಸಬಹುದು, ಬದಲಿಗೆ ಯಾವುದನ್ನು ಕೈಬಿಡುತ್ತೀರಿ, ಹೇಗೆ ಪರೀಕ್ಷಿಸುತ್ತೀರಿ, ನೀವು ಬೇರೆಡೆ ಹೋದರೆ ಮುಂದಿನ ವರ್ಷ ಕಲಿಸುವವರು ಯಾರು? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಅರ್ಜಿಯನ್ನು ಚರ್ಚೆಗೇ ತೆಗೆದುಕೊಳ್ಳಬಾರದು. ಕೃತಕ ಬುದ್ಧಿಮತ್ತೆಯ ವಿಷಯವನ್ನೇ ನೋಡಿ. ಹತ್ತು ಗಂಟೆಯ ಪ್ರತ್ಯೇಕ ಕೋರ್ಸು ಮಾಡುವುದಕ್ಕಿಂತ, ರೋಗಪರೀಕ್ಷೆಗಳ ಸಂವೇದನಶೀಲತೆ (ರೋಗವಿದ್ದವರನ್ನು ಗುರುತಿಸುವ ಶಕ್ತಿ), ನಿರ್ದಿಷ್ಟತೆ (ರೋಗವಿಲ್ಲದವರನ್ನು ಬೇರ್ಪಡಿಸುವ ಶಕ್ತಿ) ಕಲಿಸುವ ಸಂಖ್ಯಾಶಾಸ್ತ್ರದ ಪಾಠದಲ್ಲೇ ಯಂತ್ರ ಓದಿದ ಎಕ್ಸ್‌ರೇಯ ಉದಾಹರಣೆ ಕೊಟ್ಟು, ರೇಡಿಯಾಲಜಿ ಪೋಸ್ಟಿಂಗ್‌ನಲ್ಲಿ ಅದನ್ನೇ ಮುಂದುವರಿಸಿದರೆ ವಿಷಯ ಚೆನ್ನಾಗಿ ನಾಟುತ್ತದೆ, ಹೊಸ ಗಂಟೆಯೂ ಬೇಕಾಗುವುದಿಲ್ಲ.

ಸಮಿತಿಯಲ್ಲಿ ಯಾರಿರಬೇಕು

ವಿಭಾಗದ ಮುಖ್ಯಸ್ಥರೆಲ್ಲ ಸದಸ್ಯರಾಗಿರುವ ಪಠ್ಯಕ್ರಮ ಸಮಿತಿ ನೋಡಲು ನ್ಯಾಯವಾಗಿ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಪ್ರತಿಯೊಬ್ಬರೂ ತಮ್ಮ ವಿಭಾಗದ ಗಂಟೆಗಳನ್ನು ಕಾಯಲು ಬಂದಿರುತ್ತಾರೆ. ‘ನನ್ನದನ್ನು ನೀವು ಮುಟ್ಟಬೇಡಿ, ನಿಮ್ಮದನ್ನು ನಾನು ಮುಟ್ಟುವುದಿಲ್ಲ’ ಎಂಬ ಒಪ್ಪಂದ ಯಾರೂ ಬಾಯಿಬಿಟ್ಟು ಹೇಳದೆಯೇ ಏರ್ಪಡುತ್ತದೆ. ಇದಕ್ಕೆ ಅವರ ಸ್ವಾರ್ಥವನ್ನು ದೂರಬೇಕಾಗಿಲ್ಲ. ಎಷ್ಟೋ ಕಡೆ ವಿಭಾಗಕ್ಕೆ ಸಿಗುವ ಹುದ್ದೆಗಳೂ ಅನುದಾನವೂ ಬೋಧನೆಯ ಗಂಟೆಗಳ ಮೇಲೆ ನಿಂತಿರುತ್ತವೆ. ಹತ್ತು ಗಂಟೆ ಬಿಟ್ಟುಕೊಟ್ಟರೆ ಒಂದು ಹುದ್ದೆ ಹೋಗುತ್ತದೆ ಎಂದಾದರೆ ಯಾರು ಬಿಟ್ಟುಕೊಡುತ್ತಾರೆ? ಹುದ್ದೆಗಳ ಲೆಕ್ಕದಲ್ಲಿ ಉಪನ್ಯಾಸದ ಜೊತೆಗೆ ಸಣ್ಣ ಗುಂಪಿನ ಬೋಧನೆ, ಪ್ರಶ್ನೆ ತಯಾರಿ, ಪರೀಕ್ಷಕರ ಕೆಲಸ, ಮಾರ್ಗದರ್ಶನ ಇವನ್ನೂ ಎಣಿಸಿದರೆ ಮಾತ್ರ ಈ ಗಂಟು ಸಡಿಲವಾಗುತ್ತದೆ. ಇದನ್ನು ಡೀನ್ ಮಾತ್ರ ಮಾಡಬಲ್ಲರು, ಸಮಿತಿಯಿಂದ ಆಗುವುದಿಲ್ಲ.

ಹನ್ನೆರಡರಿಂದ ಹದಿನೈದು ಜನರ ಸಮಿತಿ ಸಾಕು. ಸದಸ್ಯರು ವಿಭಾಗದ ಪ್ರತಿನಿಧಿಗಳಾಗಿ ಬರದೆ ವೈಯಕ್ತಿಕ ನೆಲೆಯಲ್ಲಿ, ಮೂರು ವರ್ಷದ ಅವಧಿಗೆ ನೇಮಕವಾಗಬೇಕು. ಎಲ್ಲರೂ ಒಮ್ಮೆಗೇ ಬದಲಾಗದಂತೆ ವರ್ಷಕ್ಕೆ ಮೂರನೇ ಒಂದು ಭಾಗ ಮಾತ್ರ ಹೊರಹೋಗಬೇಕು. ಅನಾಟಮಿ, ಫಿಸಿಯಾಲಜಿಯಂಥ ಮೂಲ ವಿಜ್ಞಾನಗಳವರು, ವಾರ್ಡಿನಲ್ಲಿ ಕಲಿಸುವವರು, ಮೌಲ್ಯಮಾಪನ ಬಲ್ಲ ಒಬ್ಬರು, ಮತದ ಹಕ್ಕಿರುವ ವಿದ್ಯಾರ್ಥಿಗಳು ಇಬ್ಬರು, ಹೊಸ ಪದವೀಧರರ ಜೊತೆ ದಿನವೂ ಕೆಲಸ ಮಾಡುವ ಆಸ್ಪತ್ರೆಯ ಹಿರಿಯರೊಬ್ಬರು ಇರಲಿ. ವೇಳಾಪಟ್ಟಿ ಹೊಂದಿಸುವ ಕಚೇರಿ ಸಿಬ್ಬಂದಿಯನ್ನೂ ಕೂರಿಸಿಕೊಳ್ಳಬೇಕು. ಕೊಠಡಿ ಖಾಲಿ ಇದೆಯೇ, ಬ್ಯಾಚುಗಳು ಒಂದರ ಮೇಲೊಂದು ಬೀಳುತ್ತವೆಯೇ ಎಂಬುದು ಗೊತ್ತಿರುವುದು ಅವರಿಗೇ. ಅವರಿಲ್ಲದೆ ತೆಗೆದುಕೊಂಡ ಎಷ್ಟೋ ನಿರ್ಣಯಗಳು ಜಾರಿಗೇ ಬರುವುದಿಲ್ಲ.

ಎಲ್‌ಸಿಎಂಇಯ ಹನ್ನೆರಡು ಮಾನದಂಡಗಳಲ್ಲಿ ಎಂಟನೆಯದು ಇಡಿಯಾಗಿ ಪಠ್ಯಕ್ರಮದ ನಿರ್ವಹಣೆ ಮತ್ತು ಮೌಲ್ಯಮಾಪನಕ್ಕೇ ಮೀಸಲು. ಪಠ್ಯಕ್ರಮದ ರಚನೆ, ಹೊಂದಾಣಿಕೆ, ಪರಿಶೀಲನೆಯ ಹೊಣೆಯನ್ನು ಒಂದು ಬೋಧಕ ಸಮಿತಿಯೇ ಸಮಗ್ರವಾಗಿ ಹೊರಬೇಕು ಎಂಬುದು ಅದರ ಸಾರ. ಮಾನ್ಯತೆ ಪರಿಶೀಲನೆಗೆ ಬಂದವರು ಮುಖ್ಯವಾಗಿ ಕೇಳುವುದು ಸಭೆಯ ನಡಾವಳಿಗಳನ್ನು. ಯಾವುದಾದರೂ ವಿಭಾಗದ ಇಷ್ಟಕ್ಕೆ ವಿರುದ್ಧವಾಗಿ ಸಮಿತಿ ಒಂದು ನಿರ್ಣಯವನ್ನಾದರೂ ತೆಗೆದುಕೊಂಡು ಜಾರಿ ಮಾಡಿದೆಯೇ ಎಂಬುದು ಅದರಲ್ಲಿ ಕಾಣಿಸುತ್ತದೆ.

ಉದ್ದೇಶಗಳಿಂದ ಪಾಠಕ್ಕೆ, ಪಾಠದಿಂದ ನಕ್ಷೆಗೆ

ಯೋಜನೆ ಕೊನೆಯಿಂದ ಹಿಂದಕ್ಕೆ ಸಾಗಬೇಕು. ಪದವಿ ಪಡೆದು ಆಸ್ಪತ್ರೆಗೆ ಕಾಲಿಟ್ಟ ಮೊದಲ ದಿನ ಈ ವೈದ್ಯ ಏನೇನು ಮಾಡಬಲ್ಲವನಾಗಿರಬೇಕು ಎಂಬುದು ಆರಂಭದ ಪ್ರಶ್ನೆ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ 2014ರಲ್ಲಿ ಇಂಥ 13 ಕೆಲಸಗಳನ್ನು ಪಟ್ಟಿ ಮಾಡಿತು. ರೋಗಿಯ ವಿವರ ಕೇಳಿ ದೇಹ ಪರೀಕ್ಷೆ ಮಾಡುವುದು, ರೋಗಿಯ ಹೊಣೆಯನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವುದು, ತುರ್ತು ಸ್ಥಿತಿಯಲ್ಲಿರುವವರನ್ನು ಗುರುತಿಸಿ ಆರೈಕೆ ಶುರುಮಾಡುವುದು ಅದರಲ್ಲಿ ಸೇರಿವೆ. ಹೀಗೆ ಕೆಲಸದ ರೂಪದಲ್ಲಿ ಬರೆದರೆ ಅದಕ್ಕೆ ಬೇಕಾದ ಜ್ಞಾನ ಯಾವುದು, ಅದು ಯಾವ ವರ್ಷದಲ್ಲಿ ಬರಬೇಕು ಎಂದು ಹಿಂದಕ್ಕೆ ಎಳೆ ಹಿಡಿದು ಹೋಗಬಹುದು.

ಪ್ರತಿ ಪಾಠಕ್ಕೆ ಮೂರರಿಂದ ಐದು ಉದ್ದೇಶ ಸಾಕು. ‘ಪೊಟ್ಯಾಸಿಯಂ ಏರುಪೇರಿನ ಬಗ್ಗೆ ತಿಳಿದಿರಬೇಕು’ ಎಂದು ಬರೆದರೆ ಕಲಿಸುವವರಿಗೂ ಪರೀಕ್ಷಿಸುವವರಿಗೂ ದಾರಿ ಸಿಗುವುದಿಲ್ಲ. ‘ಇಸಿಜಿಯಲ್ಲಿ ಪೊಟ್ಯಾಸಿಯಂ ಏರಿದ ಲಕ್ಷಣಗಳನ್ನು ಗುರುತಿಸಿ, ಮೊದಲು ಕೊಡಬೇಕಾದ ಔಷಧ ಯಾವುದು, ಏಕೆ ಎಂದು ವಿವರಿಸಬೇಕು’ ಎಂದು ಬರೆದರೆ ಪಾಠವೂ ಪ್ರಶ್ನೆಯೂ ಅರ್ಧ ಸಿದ್ಧವಾದಂತೆ. ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಮುಂದಿಟ್ಟ ನಾಲ್ಕು ಮೆಟ್ಟಿಲು ಇಲ್ಲಿ ಉಪಯೋಗಕ್ಕೆ ಬರುತ್ತವೆ: ತಿಳಿದಿದೆ, ಹೇಗೆಂದು ತಿಳಿದಿದೆ, ಮಾಡಿ ತೋರಿಸುತ್ತಾನೆ, ನಿಜವಾದ ಕೆಲಸದಲ್ಲಿ ಮಾಡುತ್ತಾನೆ. ಪ್ರತಿ ಉದ್ದೇಶದ ಮುಂದೆ ಅದು ಯಾವ ಮೆಟ್ಟಿಲಿನದು ಎಂದು ಬರೆದಿಟ್ಟರೆ ಪರೀಕ್ಷೆಯ ವಿಧಾನ ತಾನಾಗಿಯೇ ನಿರ್ಧಾರವಾಗುತ್ತದೆ.

ಇನ್ನು ಪಠ್ಯಕ್ರಮದ ನಕ್ಷೆ. ಯಾವ ವಿಷಯ, ಯಾವ ಪಾಠದಲ್ಲಿ, ಯಾವ ವಿಧಾನದಿಂದ, ಎಷ್ಟು ನಿಮಿಷ, ಯಾರಿಂದ, ಯಾವ ಪರೀಕ್ಷೆಯಲ್ಲಿ ಎಂಬುದನ್ನೆಲ್ಲ ಒಂದೇ ಕಡೆ ಜೋಡಿಸಿದ ದಾಖಲೆ ಅದು. ದುಬಾರಿ ಸಾಫ್ಟ್‌ವೇರ್ ಬೇಕೆಂದಿಲ್ಲ, ಶಿಸ್ತಿನಿಂದ ತುಂಬಿದ ಸ್ಪ್ರೆಡ್‌ಶೀಟ್ ಸಾಕು. ನಕ್ಷೆ ಕೆಡುವುದು ಎರಡು ರೀತಿಯಲ್ಲಿ. ತಾವು ಕಲಿಸುವುದು ಎಲ್ಲ ಸಾಮರ್ಥ್ಯಗಳಿಗೂ ಪೂರಕ ಎಂದು ಪ್ರತಿ ಶಿಕ್ಷಕರೂ ಎಲ್ಲ ಚೌಕಗಳಿಗೂ ಟಿಕ್ ಹಾಕುತ್ತಾರೆ. ಆಗ ‘ಸಂವಹನ ಕೌಶಲ’ 200 ಪಾಠಗಳಲ್ಲಿ ಇದೆ ಎಂದು ನಕ್ಷೆ ಹೇಳುತ್ತದೆ, ನಿಜವಾಗಿ ಅದನ್ನು ಅಭ್ಯಾಸ ಮಾಡಿಸುವವರು ಒಬ್ಬರೂ ಇರುವುದಿಲ್ಲ. ಒಂದು ಪಾಠಕ್ಕೆ ಎರಡೇ ಸಾಮರ್ಥ್ಯ, ಅದರ ಮುಂದೆ ‘ಪರಿಚಯ’, ‘ಅಭ್ಯಾಸ’, ‘ಪರೀಕ್ಷೆ’ ಈ ಮೂರರಲ್ಲಿ ಒಂದು ಗುರುತು ಎಂಬ ಮಿತಿ ಹಾಕಿದರೆ ಇದು ನಿಲ್ಲುತ್ತದೆ. ಎರಡನೆಯದು ಪದಗಳ ಗೊಂದಲ. ಒಬ್ಬರು ‘ಹೃದಯಾಘಾತ’ ಎಂದೂ ಇನ್ನೊಬ್ಬರು ‘ಎಂಐ’ ಎಂದೂ ಮತ್ತೊಬ್ಬರು ‘ಎಸಿಎಸ್’ ಎಂದೂ ಬರೆದರೆ ಹುಡುಕಿದಾಗ ಮೂರೂ ಬೇರೆ ಬೇರೆಯಾಗಿ ಸಿಗುತ್ತವೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ‘ಮೆಶ್’ನಂಥ ನಿಗದಿತ ಪದಪಟ್ಟಿಯನ್ನು ಬಳಸಿ, ಪದ ಹಚ್ಚುವ ಕೆಲಸವನ್ನು ಶಿಕ್ಷಕರಿಗೆ ಬಿಡದೆ ಒಬ್ಬಿಬ್ಬರು ತರಬೇತಾದವರಿಗೆ ವಹಿಸಬೇಕು. ವೈದ್ಯಕೀಯ ಗ್ರಂಥಪಾಲಕರು ಇದನ್ನು ಚೆನ್ನಾಗಿ ಮಾಡುತ್ತಾರೆ.

ಸಂಯೋಜಿತ ಬೋಧನೆ ಎಂಬ ಹೆಸರಿನಲ್ಲಿ ನಡೆಯುವ ಒಂದು ಕಣ್ಕಟ್ಟನ್ನೂ ನಕ್ಷೆ ಬಯಲು ಮಾಡುತ್ತದೆ. ಹಳೆಯ ಅನಾಟಮಿ, ಫಿಸಿಯಾಲಜಿ, ಪೆಥಾಲಜಿ ಉಪನ್ಯಾಸಗಳನ್ನೇ ಒಂದು ವಾರದೊಳಗೆ ತಂದು ‘ಹೃದಯದ ಮಾಡ್ಯೂಲ್’ ಎಂದು ಕರೆದರೆ ಸಂಯೋಜನೆ ಆಗಲಿಲ್ಲ. ಸ್ಲೈಡುಗಳೂ ಅವೇ, ಪ್ರಶ್ನೆಗಳೂ ವಿಭಾಗವಾರು. ಮಾಡ್ಯೂಲಿಗೆ ಒಬ್ಬರೇ ಸಂಚಾಲಕರು, ಶುರುವಾಗುವ ಆರು ತಿಂಗಳ ಮೊದಲೇ ಜಂಟಿ ಸಭೆ, ವಿಜ್ಞಾನದವರೊಬ್ಬರು ಮತ್ತು ವಾರ್ಡಿನವರೊಬ್ಬರು ಸೇರಿ ಬರೆದ ಕೇಸುಗಳು, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ: ಇಷ್ಟಿದ್ದರೆ ಅದನ್ನು ಸಂಯೋಜನೆ ಎನ್ನಬಹುದು.

ಪರೀಕ್ಷೆಯೇ ನಿಜವಾದ ಪಠ್ಯಕ್ರಮ

ವಿದ್ಯಾರ್ಥಿಗಳು ಪಠ್ಯಕ್ರಮದ ಪುಸ್ತಿಕೆ ಓದುವುದಿಲ್ಲ, ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ ಓದುತ್ತಾರೆ. ಅವರ ದೃಷ್ಟಿಯಲ್ಲಿ ಅದು ಸರಿಯಾದ ಲೆಕ್ಕಾಚಾರವೇ. ಆದ್ದರಿಂದ ಪ್ರಶ್ನೆಪತ್ರಿಕೆಗೂ ಉದ್ದೇಶಗಳಿಗೂ ನಂಟು ಕಟ್ಟದಿದ್ದರೆ ಮೇಲಿನ ಶ್ರಮವೆಲ್ಲ ವ್ಯರ್ಥ.

ಆ ನಂಟಿಗೆ ಬ್ಲೂಪ್ರಿಂಟ್ ಎನ್ನುತ್ತಾರೆ. ಸರಳವಾದ ವಿಧಾನ ಹೀಗಿದೆ. ಪ್ರತಿ ವಿಷಯಕ್ಕೂ ಅದರ ಗಾಂಭೀರ್ಯಕ್ಕೆ 1ರಿಂದ 3 ಅಂಕ, ಎಷ್ಟು ಸಲ ಎದುರಾಗುತ್ತದೆ ಎಂಬುದಕ್ಕೆ 1ರಿಂದ 3 ಅಂಕ ಕೊಟ್ಟು ಗುಣಿಸಿ. ಟೈಪ್ 2 ಮಧುಮೇಹಕ್ಕೆ 3 ಮತ್ತು 3, ಗುಣಲಬ್ಧ 9. ಮಧುಮೇಹದಲ್ಲಿ ರಕ್ತ ಆಮ್ಲೀಯವಾಗುವ ತುರ್ತು ಸ್ಥಿತಿಯಾದ ಕೀಟೋಅಸಿಡೋಸಿಸ್‌ಗೆ 3 ಮತ್ತು 2, ಅಂದರೆ 6. ಅಡ್ರಿನಲ್ ಗ್ರಂಥಿಯ ಬಲು ಅಪರೂಪದ ಗಡ್ಡೆ ಫಿಯೋಕ್ರೋಮೋಸೈಟೋಮಾಕ್ಕೆ 2 ಮತ್ತು 1, ಅಂದರೆ 2. ಎಲ್ಲ ವಿಷಯಗಳ ಗುಣಲಬ್ಧಗಳನ್ನು ಕೂಡಿಸಿ, ಒಂದೊಂದರ ಪಾಲಿಗೆ ತಕ್ಕಂತೆ ಪ್ರಶ್ನೆಗಳನ್ನು ಹಂಚಿ. ಹೀಗೆ ಮಾಡಿದ ಮೊದಲ ಸಲ ಕಂಡುಬರುವ ಸಂಗತಿಯೆಂದರೆ, ಪ್ರಶ್ನೆ ತೆಗೆಯಲು ಸುಲಭವಾದ ಅಪರೂಪದ ರೋಗಗಳಿಗೆ ಹೆಚ್ಚು ಅಂಕ ಹೋಗಿರುತ್ತದೆ, ದಿನನಿತ್ಯ ಎದುರಾಗುವ ಕಾಯಿಲೆಗಳಿಗೆ ಕಡಿಮೆ.

ಉತ್ತೀರ್ಣದ ಗೆರೆಯ ವಿಷಯವೂ ಅಷ್ಟೇ ಗಂಭೀರ. ಪತ್ರಿಕೆ ಕಠಿಣವಿರಲಿ, ಸುಲಭವಿರಲಿ, 50 ಅಂಕಕ್ಕೆ ಪಾಸು ಎಂದರೆ ಒಂದು ವರ್ಷ ಸಾಮರ್ಥ್ಯವಿದ್ದವರು ನಪಾಸಾಗುತ್ತಾರೆ, ಇನ್ನೊಂದು ವರ್ಷ ಇಲ್ಲದವರು ಪಾಸಾಗುತ್ತಾರೆ. ಆ್ಯಂಗಾಫ್ ವಿಧಾನದಲ್ಲಿ ಎಂಟು ಹತ್ತು ಶಿಕ್ಷಕರು ಕುಳಿತು, ಪಾಸು ನಪಾಸಿನ ಗಡಿಯಲ್ಲಿರುವ ನೂರು ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಈ ಪ್ರಶ್ನೆಗೆ ಸರಿ ಉತ್ತರ ಕೊಟ್ಟಾರು ಎಂದು ಪ್ರತಿ ಪ್ರಶ್ನೆಗೂ ಅಂದಾಜಿಸುತ್ತಾರೆ. ಆ ಅಂದಾಜುಗಳ ಸರಾಸರಿ 58 ಬಂದರೆ ಆ ಪತ್ರಿಕೆಗೆ 58 ಉತ್ತೀರ್ಣದ ಗೆರೆ. ಪರೀಕ್ಷೆಯ ನಂತರ ಪ್ರಶ್ನೆಗಳನ್ನೂ ಪರೀಕ್ಷಿಸಬೇಕು. ಶೇಕಡ 30ಕ್ಕಿಂತ ಕಡಿಮೆ ಜನ ಸರಿ ಬರೆದ, ಅಥವಾ ಚೆನ್ನಾಗಿ ಓದುವವರಿಗಿಂತ ಹಿಂದುಳಿದವರೇ ಹೆಚ್ಚು ಸರಿ ಬರೆದ ಪ್ರಶ್ನೆಯಲ್ಲಿ ಹೆಚ್ಚಿನಂಶ ಉತ್ತರದ ಕೀಲಿಯೇ ತಪ್ಪಿರುತ್ತದೆ, ಇಲ್ಲವೇ ವಾಕ್ಯ ಅಸ್ಪಷ್ಟವಿರುತ್ತದೆ. ಅಂಕ ಪ್ರಕಟಿಸುವ ಮೊದಲೇ ಅವನ್ನು ನೋಡಬೇಕು.

ಕೌಶಲಗಳಿಗೆ ಬರಹದ ಪರೀಕ್ಷೆ ಸಾಲದು. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ‘ಆಸ್ಕಿ’ ಪದ್ಧತಿಯಲ್ಲಿ ವಿದ್ಯಾರ್ಥಿ ಹಲವು ಠಾಣೆಗಳನ್ನು ಸುತ್ತುತ್ತಾ ಒಂದೊಂದು ಕಡೆ ಒಂದೊಂದು ಕೆಲಸ ಮಾಡಿ ತೋರಿಸುತ್ತಾನೆ. ಒಂದು ಕೇಸಿನಲ್ಲಿ ಚೆನ್ನಾಗಿ ಮಾಡಿದವನು ಇನ್ನೊಂದರಲ್ಲೂ ಚೆನ್ನಾಗಿ ಮಾಡುತ್ತಾನೆ ಎಂದು ಹೇಳಲಾಗದು. ಹಾಗಾಗಿ ಐದಾರು ಠಾಣೆಗಳ ಫಲಿತಾಂಶವನ್ನು ನೆಚ್ಚಿಕೊಳ್ಳುವಂತಿಲ್ಲ, ಕನಿಷ್ಠ ಹನ್ನೆರಡಾದರೂ ಬೇಕು. ಇದರ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ಹನ್ನೆರಡು ಠಾಣೆ, ಒಂದೊಂದಕ್ಕೆ 8 ನಿಮಿಷ, ಬದಲಾಗಲು 1 ನಿಮಿಷ ಎಂದರೆ ಒಂದು ಸುತ್ತಿಗೆ 108 ನಿಮಿಷ. 120 ವಿದ್ಯಾರ್ಥಿಗಳಿಗೆ ಮೂರು ಸಾಲು ಏಕಕಾಲಕ್ಕೆ ನಡೆಸಿದರೂ ನಾಲ್ಕು ಸುತ್ತು ಬೇಕು. ವಿರಾಮ ಬಿಟ್ಟು ಏಳು ಗಂಟೆ ದಾಟುತ್ತದೆ, ಪರೀಕ್ಷಕರು 36 ಜನ. ಅಷ್ಟು ಜನರನ್ನು ಒಂದಿಡೀ ದಿನ ವಾರ್ಡಿನ ಕೆಲಸದಿಂದ ಬಿಡಿಸಲು ಆಸ್ಪತ್ರೆ ಒಪ್ಪಿದೆಯೇ ಎಂದು ಆರು ತಿಂಗಳ ಮೊದಲೇ ಕೇಳದಿದ್ದರೆ, ಕೊನೆಗೆ ಆರು ಠಾಣೆಗಳಿಗೆ ಇಳಿಸಿ ಮುಗಿಸುವುದೇ ಆಗುತ್ತದೆ.

ಹೊರಗಿನ ಪರೀಕ್ಷೆಗಳ ಸೆಳೆತವನ್ನು ಸಮಿತಿ ಮರೆಯುವಂತಿಲ್ಲ. ಅಮೆರಿಕದಲ್ಲಿ ವೈದ್ಯರ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಮೊದಲ ಹಂತದ ಅಂಕಗಳು ಮುಂದಿನ ತರಬೇತಿಯ ಸೀಟನ್ನೇ ನಿರ್ಧರಿಸುವಂತಾಗಿ, ವಿದ್ಯಾರ್ಥಿಗಳು ಕಾಲೇಜಿನ ಪಾಠ ಬಿಟ್ಟು ಅದಕ್ಕೇ ಓದುವ ಸ್ಥಿತಿ ಬಂದಿತ್ತು. 2022ರ ಜನವರಿ 26ರಿಂದ ಅದನ್ನು ಪಾಸು ನಪಾಸಿಗೆ ಸೀಮಿತಗೊಳಿಸಲಾಯಿತು. ಒತ್ತಡ ಎರಡನೆಯ ಹಂತದ ಅಂಕಗಳ ಕಡೆಗೆ ಸರಿಯಿತು. ಬ್ರಿಟನ್ನಿನಲ್ಲಿ 2024–25ರ ಶೈಕ್ಷಣಿಕ ಸಾಲಿನಿಂದ ಎಲ್ಲ ಪದವೀಧರರಿಗೂ ಏಕರೂಪದ ಪರವಾನಗಿ ಪರೀಕ್ಷೆ ಬಂದಿದೆ. ಇಂಥ ಪರೀಕ್ಷೆಯ ವಿಷಯಪಟ್ಟಿಯನ್ನು ನಕ್ಷೆಯ ಮೇಲಿಟ್ಟು ನೋಡುವುದು ಅಗತ್ಯ. ಆದರೆ ಅದರಲ್ಲಿ ಇಲ್ಲದ್ದನ್ನೆಲ್ಲ ಕೈಬಿಟ್ಟರೆ, ಬಹು ಆಯ್ಕೆಯ ಪ್ರಶ್ನೆಯಲ್ಲಿ ಅಳೆಯಲಾಗದ ಕೌಶಲಗಳೇ ಮೊದಲು ಹೊರಬೀಳುತ್ತವೆ.

ವಾರ್ಡಿನಲ್ಲಿ ನಡೆಯುವುದು

ಆಸ್ಪತ್ರೆಯ ಪೋಸ್ಟಿಂಗ್‌ಗಳಲ್ಲಿ ವಿದ್ಯಾರ್ಥಿ ಏನು ನೋಡುತ್ತಾನೆ ಎಂಬುದು ಆ ವಾರ ಯಾವ ರೋಗಿಗಳು ದಾಖಲಾದರು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಪ್ರತಿ ಪೋಸ್ಟಿಂಗ್‌ಗೂ ನೋಡಲೇಬೇಕಾದ ಕೇಸುಗಳ ಪಟ್ಟಿ ಬೇಕು. ಅದರಲ್ಲಿ ರೋಗಲಕ್ಷಣ, ಜಾಗ (ಹೊರರೋಗಿ, ವಾರ್ಡು, ತುರ್ತು ವಿಭಾಗ), ವಿದ್ಯಾರ್ಥಿಯ ಪಾತ್ರ (ನೋಡುವುದು, ಸಹಾಯ ಮಾಡುವುದು, ಮೇಲ್ವಿಚಾರಣೆಯಲ್ಲಿ ತಾನೇ ಮಾಡುವುದು) ಮೂರೂ ಇರಬೇಕು. ಎಂಟು ವಾರದ ಪೋಸ್ಟಿಂಗ್ ಆದರೆ ನಾಲ್ಕನೆಯ ವಾರದ ಕೊನೆಗೆ ಒಮ್ಮೆ ಪರಿಶೀಲಿಸಿ, ಸಿಗದಿದ್ದ ಕೇಸುಗಳಿಗೆ ಬೇರೆ ಘಟಕಕ್ಕೆ ಕಳಿಸಬೇಕು ಅಥವಾ ಸಿಮ್ಯುಲೇಷನ್ ಮಾಡಿಸಬೇಕು. ಕೊನೆಯ ವಾರ ನೋಡಿದರೆ ಸರಿಪಡಿಸಲು ಸಮಯವೇ ಇರುವುದಿಲ್ಲ. ಲಾಗ್‌ಬುಕ್ ಕೊನೆಯ ರಾತ್ರಿ ತುಂಬುವ ಪುಸ್ತಕವಾಗುವುದನ್ನು ತಡೆಯಲು ವಾರಕ್ಕೊಮ್ಮೆ ಸಹಿ ಇರಬೇಕು, ಐದು ದಾಖಲೆಗಳನ್ನು ಯಾದೃಚ್ಛಿಕವಾಗಿ ಆರಿಸಿ ಆ ರೋಗಿಯ ಬಗ್ಗೆ ವಿದ್ಯಾರ್ಥಿಯನ್ನು ಕೇಳಬೇಕು.

ಬರೆಯದ ಪಠ್ಯಕ್ರಮವೂ ಇಲ್ಲೇ ಕೆಲಸ ಮಾಡುತ್ತದೆ. ಕೈ ತೊಳೆಯುವುದರ ಮಹತ್ವವನ್ನು ಒಂದು ಗಂಟೆ ಉಪನ್ಯಾಸದಲ್ಲಿ ಕೇಳಿದ ವಿದ್ಯಾರ್ಥಿ, ರೌಂಡ್ಸ್‌ನಲ್ಲಿ ಹಿರಿಯರು ತೊಳೆಯದೆ ಹಾಸಿಗೆಯಿಂದ ಹಾಸಿಗೆಗೆ ಹೋಗುವುದನ್ನು ನೋಡಿದರೆ ಎರಡನೆಯದನ್ನೇ ಕಲಿಯುತ್ತಾನೆ. ಸಮಾಜಶಾಸ್ತ್ರಜ್ಞ ಫ್ರೆಡರಿಕ್ ಹ್ಯಾಫರ್ಟಿ ಮುಂತಾದವರು 1990ರ ದಶಕದಿಂದ ಇದನ್ನು ಒತ್ತಿ ಹೇಳುತ್ತಾ ಬಂದಿದ್ದಾರೆ. ಉಪನ್ಯಾಸಗಳನ್ನು ಹೆಚ್ಚಿಸಿ ಇದನ್ನು ಸರಿಪಡಿಸಲಾಗದು. ಆಸ್ಪತ್ರೆಯ ಆಡಳಿತವೂ ಕಾಲೇಜಿನ ಸಮಿತಿಯೂ ಒಟ್ಟಿಗೆ ಕೂರಬೇಕು.

ಪರಿಶೀಲನೆ ಮತ್ತು ಬದಲಾವಣೆ

ಪ್ರತಿ ಕೋರ್ಸಿಗೆ ವರ್ಷಕ್ಕೊಂದು ಎರಡು ಪುಟದ ವರದಿ, ಮೂರರಿಂದ ಐದು ವರ್ಷಕ್ಕೊಮ್ಮೆ ಆಳವಾದ ಪರಿಶೀಲನೆ ಸಾಕು. ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಎಲ್ಲರನ್ನೂ ಎಲ್ಲ ಕೋರ್ಸಿನ ಬಗ್ಗೆಯೂ ಕೇಳುವುದು. ಬೇಸತ್ತು ಉತ್ತರಿಸುವವರು ಕಡಿಮೆಯಾಗಿ, ತೀರಾ ಸಿಟ್ಟಾದವರ ದನಿ ಮಾತ್ರ ಉಳಿಯುತ್ತದೆ. ತರಗತಿಯನ್ನು ನಾಲ್ಕು ಗುಂಪು ಮಾಡಿ ಸರದಿಯಂತೆ ಕೇಳಿದರೆ ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು ಕೋರ್ಸು ಮಾತ್ರ ಬರುತ್ತದೆ, ಉತ್ತರಗಳೂ ಗಂಭೀರವಾಗಿರುತ್ತವೆ. ವರದಿಯ ಪ್ರತಿ ಶಿಫಾರಸಿನ ಮುಂದೆ ಒಬ್ಬರ ಹೆಸರು ಮತ್ತು ದಿನಾಂಕ ಇರಲಿ. ಮುಂದಿನ ವರ್ಷದ ವರದಿ ಹಿಂದಿನ ಶಿಫಾರಸುಗಳು ಏನಾದವು ಎಂಬಲ್ಲಿಂದಲೇ ಆರಂಭವಾಗಲಿ.

ಹೊಸ ಪಠ್ಯಕ್ರಮವನ್ನು ಎಲ್ಲ ವರ್ಷಗಳಿಗೂ ಒಟ್ಟಿಗೆ ಜಾರಿ ಮಾಡದೆ ಪ್ರವೇಶ ಪಡೆದ ಬ್ಯಾಚಿನ ಜೊತೆಗೇ ಮೇಲಕ್ಕೆ ಸಾಗಿಸುವುದು ರೂಢಿ. ಹಾಗೆಂದರೆ ನಾಲ್ಕೈದು ವರ್ಷ ಎರಡು ಪಠ್ಯಕ್ರಮಗಳು ಜೊತೆಯಾಗಿ ನಡೆಯುತ್ತವೆ, ಶಿಕ್ಷಕರು ಎರಡು ಬಗೆಯ ಪಾಠ, ಎರಡು ಬಗೆಯ ಪರೀಕ್ಷೆ ತಯಾರಿಸಬೇಕು. ಈ ಅವಧಿಗೆ ಹೆಚ್ಚುವರಿ ಸಿಬ್ಬಂದಿ ಕೊಡದೆ, ಹೊಸ ಮಾಡ್ಯೂಲು ವಿಫಲವಾಯಿತು ಎಂದು ದೂರುವುದು ಅನ್ಯಾಯ. ಮೊದಲ ವರ್ಷ ಎಡವಿದ ಕೂಡಲೇ ಎಲ್ಲವನ್ನೂ ಬದಲಿಸುವ ಆತುರವೂ ಬೇಡ. ಸುರಕ್ಷತೆಯ ಪ್ರಶ್ನೆ ಇಲ್ಲದಿದ್ದರೆ ಎರಡು ಬ್ಯಾಚು ಪೂರ್ತಿ ನೋಡಿ ಆಮೇಲೆ ತಿದ್ದುವುದು ಒಳ್ಳೆಯದು.

ಈ ಬದಲಾವಣೆಯಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಒಂದು ವರ್ಷ ನಪಾಸಾದವರು ಮತ್ತು ಅನಾರೋಗ್ಯದಿಂದ ಹಿಂದುಳಿದವರು. ಹಳೆಯ ಪದ್ಧತಿಯಲ್ಲಿ ಶುರುಮಾಡಿದ ಅವರು ಹೊಸ ಬ್ಯಾಚಿನ ನಡುವೆ ಬಂದು ಕೂರುತ್ತಾರೆ. ಅವರು ಓದಬೇಕಿದ್ದ ಒಂದು ವಿಷಯ ಹೊಸ ಬ್ಯಾಚಿಗೆ ಹಿಂದಿನ ವರ್ಷವೇ ಮುಗಿದಿರುತ್ತದೆ, ಅವರು ಆಗಲೇ ಓದಿದ ಇನ್ನೊಂದನ್ನು ಮತ್ತೆ ಓದಬೇಕಾಗುತ್ತದೆ. ಹೊಸ ಪಠ್ಯಕ್ರಮಕ್ಕೆ ಒಪ್ಪಿಗೆ ಕೊಡುವ ಸಭೆಯಲ್ಲೇ ಹಳೆಯ ಪದ್ಧತಿಯ ಪರೀಕ್ಷೆಗಳು ಯಾವ ವರ್ಷದವರೆಗೆ ನಡೆಯುತ್ತವೆ, ಯಾವ ಹಳೆಯ ಕೋರ್ಸು ಯಾವ ಹೊಸ ಮಾಡ್ಯೂಲಿಗೆ ಸಮ, ಬಿಟ್ಟುಹೋದ ಭಾಗವನ್ನು ಯಾರು ಕಲಿಸುತ್ತಾರೆ ಎಂದು ಬರೆದು, ಆ ಕೋಷ್ಟಕವನ್ನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಕೊಡಬೇಕು.